ನಾಲ್ಕನೇ ಮೇಜಿನ ಕುರ್ಚಿ

ದುಬೈಯ ಮಮ್ಝಾರ್ ಕಡಲಬದಿಯಲ್ಲಿರುವ ‘ತಬಿಂಗ್ ದಾಗತ್’ ಹೋಟೆಲಿನ ಆಡಳಿತವು ತನ್ನ ನಲವತ್ತು ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ಬೆಂಚುಗಳನ್ನು ಸ್ಥಾಪಿಸಲು ತೀರ್ಮಾನಿಸಿದ್ದು ಆ ನವೆಂಬರಿನಲ್ಲಿ ಕೊಲ್ಲಿ ರಾಷ್ಟ್ರಗಳಲ್ಲಿ ನಡೆದ ಅತ್ಯಂತ ಗಂಭೀರ ಘಟನೆ. ಪತ್ರಿಕೆಗಳು ಅದನ್ನು ವರದಿ ಮಾಡಲಿಲ್ಲ. ತೈಲದ ಬೆಲೆಯೂ ಅಲುಗಲಿಲ್ಲ. ಆಡಳಿತ ಎಂದರೆ ಉಪ್ಪಿನಂಗಡಿ ಕಡೆಯ ಅಬೂಬಕ್ಕರ್ ಬ್ಯಾರಿಗಳು, ಒಬ್ಬರೇ. ತೀರ್ಮಾನಕ್ಕೆ ಕಾರಣ, ಗಿರಾಕಿಯೊಬ್ಬ ಕುರ್ಚಿಯ ಕಾಲು ಮುರಿದು ಸೂಪಿನ ಬೋಗುಣಿ ಸಮೇತ ನೆಲ ಸೇರಿದ್ದು. ಆದರೂ ಶನಿವಾರ ಮಧ್ಯಾಹ್ನ ಮೂರೂವರೆಗೆ ಈ ಸುದ್ದಿ ವಾಟ್ಸಾಪಿನಲ್ಲಿ ಅಲ್ ನಹ್ದಾದ ಒಂದು ಫ್ಲ್ಯಾಟನ್ನು ತಲುಪಿದಾಗ, ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಜುವಾಕಿಂ ಕ್ವಾಡ್ರಸ್ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ ಆರಿಸಿ, ಸಂದೇಶವನ್ನು ಎರಡು ಸಲ ಓದಿದರು.

“ಸರ್, ಚೇರ್ ಎಲ್ಲ ಇವತ್ತು ಐದು ಗಂಟೆಗೆ ಹೋಗ್ತದೆ. ನಿಮ್ಮದು ಕೂಡ.” ಬರೆದವಳು ಅಲ್ಲಿ ಊಟ ಬಡಿಸುವ ರೊವೆನಾ. ಕೊನೆಗೊಂದು ಕೈಮುಗಿದ ಚಿತ್ರ.

‘ನಿಮ್ಮದು’ ಎಂದರೆ ನಾಲ್ಕನೇ ಮೇಜಿನ, ಗೋಡೆ ಕಡೆಯ, ಎಡಗೈಯ ಮೇಲೆ ಕಂದು ಬಣ್ಣಕ್ಕೆ ಸುಟ್ಟ ಗುರುತಿರುವ ಕುರ್ಚಿ. ಜುವಾಕಿಮರು ಅದರಲ್ಲಿ ಒಮ್ಮೆಯೂ ಕೂತವರಲ್ಲ. ಅವರು ಕೂರುತ್ತಿದ್ದದ್ದು ಅದರ ಎದುರಿಗೆ. ಅದರಲ್ಲಿ ಇದ್ದದ್ದು ಅವರ ಹೆಂಡತಿ ಲೂರ್ದ್. ಲೂರ್ದ್ ತೀರಿಕೊಂಡು ಆಗ ಏಳು ವಾರವಾಗಿತ್ತು.

ಇದನ್ನು ತುಸು ಹಿಂದಿನಿಂದ ಹೇಳಬೇಕು.

ಜುವಾಕಿಮರು ಒಂದು ಶಿಪ್ಪಿಂಗ್ ಕಂಪನಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಡಾಕ್ಯುಮೆಂಟೇಶನ್ ನೋಡಿಕೊಳ್ಳುವವರು. ಯಾವ ಸರಕು ಯಾವ ಬಂದರಿನಲ್ಲಿ ಹತ್ತಿತು, ಯಾವುದರಲ್ಲಿ ಇಳಿಯಬೇಕು, ಯಾರ ಹೆಸರಿಗೆ ತಲುಪಬೇಕು, ಇದು ಅವರ ವಿದ್ಯೆ. ಹಡಗನ್ನು ಅವರು ಹತ್ತಿರದಿಂದ ನೋಡಿದ್ದು ಎರಡೇ ಸಲ. ಲೂರ್ದ್ ಒಂದು ಆಸ್ಪತ್ರೆಯ ಬಟ್ಟೆ ವಿಭಾಗದ ಸೂಪರ್‌ವೈಸರ್. ಒಂದು ಮಂಗಳವಾರ ಬೆಳಿಗ್ಗೆ ಒಗೆದು ಬಂದ ಹಾಸುಬಟ್ಟೆಗಳನ್ನು ಎಣಿಸುತ್ತಿದ್ದವಳು, “ಒಂದ್ನಿಮಿಷ” ಎಂದು ಅವುಗಳ ರಾಶಿಯ ಮೇಲೆ ಕೂತಳು. ಆ ನಿಮಿಷ ಮುಗಿಯಲಿಲ್ಲ.

ಅವಳನ್ನು ವಿಮಾನದ ಕಾರ್ಗೋದಲ್ಲಿ ಊರಿಗೆ, ಕಲ್ಯಾಣಪುರಕ್ಕೆ, ಕಳಿಸುವುದೆಂದಾಯಿತು. ಕಾಗದದಲ್ಲಿ ಊರಿನ ಪಿನ್‌ಕೋಡ್ ತಪ್ಪಿತ್ತು. ಜುವಾಕಿಮರು ಕಿಸೆಯಿಂದ ಪೆನ್ನು ತೆಗೆದು, ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಕೌಂಟರಿನವನು “ಥ್ಯಾಂಕ್ಯೂ ಸರ್, ಇಷ್ಟು ನೀಟಾಗಿ ಯಾರೂ ಮಾಡೋದಿಲ್ಲ” ಎಂದ. ಆ ದಿನ ತಾನು ಮಾಡಿದ್ದರಲ್ಲಿ ಅವರಿಗೆ ಸ್ಪಷ್ಟವಾಗಿ ನೆನಪಿರುವುದು ಇದೊಂದೇ.

ಪೆಟ್ಟಿಗೆ ಕಳಿಸುವ ಮೊದಲಿನ ಪ್ರಾರ್ಥನೆ ಮುಗಿದ ಮೇಲೆ ಲೂರ್ದಳ ವಿಭಾಗದ ಆರು ಜನ ಫಿಲಿಪಿನೋ ಹೆಂಗಸರು ಅವರನ್ನು ಸುತ್ತುವರಿದರು. “ಸರ್, ಸೀದಾ ಮನೆಗೆ ಬೇಡ. ಮೊದಲು ಎಲ್ಲಾದರೂ ಹೋಗಿ ಊಟ.” ಜುವಾಕಿಮರು ತಮ್ಮ ಊರಿನ ಲೆಕ್ಕದಲ್ಲೇ ಇದನ್ನು ಅರ್ಥ ಮಾಡಿಕೊಂಡರು: ಸಾವಿಗೆ ಬಂದವರನ್ನು ಒಣ ಬಾಯಿಯಲ್ಲಿ ಕಳಿಸಬಾರದು, ಪಾಪ, ಹಸಿದಿದ್ದಾರೆ. ಹಾಗಾಗಿ ತಬಿಂಗ್ ದಾಗತ್‌ನ ನಾಲ್ಕನೇ ಮೇಜಿಗೆ ಐದನೆಯದನ್ನು ಜೋಡಿಸಿ ಎಲ್ಲರನ್ನೂ ಕೂರಿಸಿ, ತಾನು ನಿಂತೇ ಅನ್ನ ಬಡಿಸಿದರು. ಆಸ್ಪತ್ರೆಯವರು ಒಪ್ಪಿಸಿದ ಲೂರ್ದಳ ಕೈಚೀಲ ಅವರ ಹೆಗಲಲ್ಲಿತ್ತು. ಅನ್ನ ಹಾಕಲು ಅಡ್ಡವಾಗುತ್ತದೆಂದು ಅದನ್ನು ಗೋಡೆ ಕಡೆಯ ಕುರ್ಚಿಯಲ್ಲಿ ಇಟ್ಟರು. “ಇನ್ನೊಂಚೂರು ಹಾಕ್ಕೊಳ್ಳಿ, ನಾಚಿಕೆ ಮಾಡ್ಬೇಡಿ” ಎಂದು ಉಪಚರಿಸಿದರು. ಹೆಂಗಸರು ಉಂಡರು, ಅತ್ತರು, ಮತ್ತೆ ಉಂಡರು. ಜುವಾಕಿಮರು ಅಳಲಿಲ್ಲ. ಊರಿನಲ್ಲಿ ಮಣ್ಣು ಹಾಕುವಾಗ ಅಳು ಬರಬಹುದೆಂದು ಕಾದರು. ಬರಲಿಲ್ಲ. “ಎಂಥ ಗಟ್ಟಿ ಮನುಷ್ಯ” ಎಂದು ನೆಂಟರು ಹೊಗಳಿದರು.

ಅವರು ಗಟ್ಟಿಯಾಗಿರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಇದ್ದರು, ಅಷ್ಟೇ. ತಿರುಗಿ ಬಂದರು, ಆಫೀಸಿಗೆ ಹೋದರು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ಮಗಳು ನತಾಶಾ ದಿನಾ ಫೋನ್ ಮಾಡುತ್ತಿದ್ದಳು. “ಡ್ಯಾಡಿ, ಆರ್ ಯು ಈಟಿಂಗ್?” “ತಿಂದೆ ಬಾಯ್, ತಿಂದೆ ಮಗಳೇ.” “ವಾಟ್ ಡಿಡ್ ಯು ಈಟ್?” ಇದಕ್ಕೆ ಉತ್ತರ ನೆನಪಾಗುತ್ತಿರಲಿಲ್ಲ. ಹಾಗಾಗಿ ಒಂದು ಶನಿವಾರ, ಮಗಳಿಗೆ ಹೇಳಲು ಒಂದು ಹೆಸರಾದರೂ ಸಿಗಲಿ ಎಂದು, ತಬಿಂಗ್ ದಾಗತ್‌ಗೆ ಹೋದರು.

ಆ ಹೆಸರಿಗೆ ಸಮುದ್ರದ ಬದಿ ಎಂದು ಅರ್ಥವಂತೆ. ಸಮುದ್ರ ಅಲ್ಲಿಂದ ಕಾಣುವುದಿಲ್ಲ. ಕಾಣುವುದು ಟಯರಿನ ಅಂಗಡಿ. ಮೊದಲು ಅದು ಬ್ಯಾರಿಗಳ ಪರೋಟದ ಕೆಫೆಟೇರಿಯಾ ಆಗಿತ್ತು. ಸುತ್ತಲಿನ ಸಲೂನುಗಳ ಫಿಲಿಪಿನೋ ಹುಡುಗಿಯರು “ಅಣ್ಣ, ಅನ್ನ ಇಲ್ವಾ” ಎಂದು ಕೇಳಿ ಕೇಳಿ, ಬ್ಯಾರಿಗಳು ಒಬ್ಬ ಸೆಬು ಕಡೆಯ ಅಡುಗೆಯವನನ್ನು ಇಟ್ಟುಕೊಂಡು ಬೋರ್ಡು ಬದಲಿಸಿದರು. ತಾವು ಮಾತ್ರ ಆ ಅಡುಗೆಯನ್ನು ಮುಟ್ಟದೆ, ಮನೆಯಿಂದ ಬಂದ ಅಕ್ಕಿರೊಟ್ಟಿಯನ್ನು ಗಲ್ಲಾದ ಹಿಂದೆ ಕೂತು ತಿನ್ನುತ್ತಿದ್ದರು.

ರೊವೆನಾ ಅವರಿಗೆ ಮೀನಿನ ಹುಳಿ ಸಾರು ತಂದಿಟ್ಟಳು. ಅದರಲ್ಲಿ ಬಿಂಬುಳಿ ಕಾಯಿ ಇತ್ತು, ಲೂರ್ದ್ ಬಂಗುಡೆ ಸಾರಿಗೆ ಹಾಕುತ್ತಿದ್ದ ಅದೇ ಬಿಂಬುಳಿ. ಹುಳಿ, ಎಂದು ನಾಲಗೆ ವರದಿ ಮಾಡಿತು. ವರದಿಯನ್ನು ಮುಂದಕ್ಕೆ ಒಯ್ಯುವವರು ಯಾರೂ ಇರಲಿಲ್ಲ.

“ಅವತ್ತು ನೀವು ಸೀದಾ ಮನೆಗೆ ಹೋಗದೆ ಇಲ್ಲಿಗೆ ಬಂದದ್ದು ಒಳ್ಳೇದಾಯ್ತು, ಸರ್,” ಎಂದಳು ರೊವೆನಾ.

“ಯಾಕೆ? ಅವ್ರಿಗೆಲ್ಲ ಹಸಿವಾಗಿತ್ತಲ್ಲ.”

“ಹಸಿವಿಗಲ್ಲ ಸರ್. ಅದು ನಮ್ಮ ಫಿಲಿಪಿನೋಗಳ ಪದ್ಧತಿ. ಸಾವಿನಿಂದ ಸೀದಾ ಮನೆಗೆ ಹೋದ್ರೆ ಹೋದವರು ಹಿಂದೆಯೇ ಬರ್ತಾರೆ. ಮಧ್ಯೆ ಎಲ್ಲಾದ್ರೂ ನಿಂತ್ರೆ ಅವ್ರು ಅಲ್ಲೇ ಉಳೀತಾರೆ. ನಾವು ಕೊಡವಿಕೊಂಡು ಮನೆಗೆ ಹೋಗ್ತೇವೆ.”

ಜುವಾಕಿಮರು ಚಮಚ ಕೆಳಗಿಟ್ಟರು. “ಅಂದ್ರೆ ಇಲ್ಲಿ ಉಳಿದಿದ್ದಾಳೆ?”

ರೊವೆನಾಳಿಗೆ ತಾನು ಹೇಳಬಾರದ್ದನ್ನು ಹೇಳಿದೆ ಅನ್ನಿಸಿತು. “ಹಳೇ ಮಾತು, ಸರ್. ಅಜ್ಜಿಯರದ್ದು,” ಎಂದು ಒಳಗೆ ಹೋದಳು.

ಇದು ನಂಬಿಕೆಯ ಪ್ರಶ್ನೆ ಆಗಿದ್ದರೆ ಜುವಾಕಿಮರು ಪಾದ್ರಿಗಳನ್ನು ಕೇಳುತ್ತಿದ್ದರು. ಅವರಿಗೆ ಅದು ದಾಖಲೆಯ ಪ್ರಶ್ನೆಯಾಗಿ ಕಂಡಿತು. ಪೆಟ್ಟಿಗೆ ಕಲ್ಯಾಣಪುರಕ್ಕೆ ತಲುಪಿದೆ, ಅದರ ಕಾಗದ ಸರಿ ಇದೆ. ಆದರೆ ಪೆಟ್ಟಿಗೆಯಲ್ಲಿ ಹೋಗದ ಏನೋ ಒಂದು, ತಾನು ದಾರಿಯಲ್ಲಿ ನಿಂತದ್ದರಿಂದ, ತಪ್ಪು ಬಂದರಿನಲ್ಲಿ ಇಳಿದುಬಿಟ್ಟಿದೆ. ಇಪ್ಪತ್ತಾರು ವರ್ಷಗಳಲ್ಲಿ ಇಂಥ ತಪ್ಪು ಅವರ ಕೈಯಿಂದ ಆಗಿರಲಿಲ್ಲ. ಆದದ್ದು ಸ್ವಂತ ಹೆಂಡತಿಯ ವಿಷಯದಲ್ಲಿ. ಅವರು ಕೈಚೀಲ ಇಟ್ಟಿದ್ದ ಕುರ್ಚಿಯನ್ನು ನೋಡಿದರು. ಯಾರೋ ಕಾದ ಕಾವಲಿಯನ್ನು ತಾಗಿಸಿದ ಗುರುತು ಅದರ ಕೈಮೇಲಿತ್ತು. ಆಮೇಲೆ ನಾಲ್ಕು ಶನಿವಾರ ಬಂದು, ಎದುರಿಗೆ ಕೂತು ಉಂಡು ಹೋದರು. ಮನೆಗೆ ಕರೆದೊಯ್ಯಬೇಕೆಂದು ಅನ್ನಿಸುತ್ತಿತ್ತು. ಹೇಗೆಂದು ಗೊತ್ತಿರಲಿಲ್ಲ, ಅವಸರವೂ ಇರಲಿಲ್ಲ. ಕುರ್ಚಿ ಎಲ್ಲಿಗೆ ಹೋಗುತ್ತದೆ?

ಈಗ ಐದು ಗಂಟೆಗೆ ಹೋಗುತ್ತಿತ್ತು.

ಅವರು ಹೋಟೆಲಿಗೆ ತಲುಪುವಾಗ ಕುರ್ಚಿಗಳನ್ನು ಹತ್ತು ಹತ್ತರಂತೆ ಒಂದರೊಳಗೊಂದು ಸೇರಿಸಿ ಹೊರಗೆ ನಿಲ್ಲಿಸಿದ್ದರು. ಅಲ್ ಕುಸೈಸಿನ ಗುಜರಿಯವನು ಆಗಲೇ ಹೊರಟಿದ್ದನಂತೆ. ಅಬೂಬಕ್ಕರ್ ಬ್ಯಾರಿಗಳು ಲುಂಗಿ ಉಡುವ ಊರಿನವರಾದರೂ ಪ್ಯಾಂಟಿನಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

“ಬನ್ನಿ ಪೊರ್ಬುಗಳೇ,” ಎಂದರು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ. “ಇವತ್ತು ನಿಂತೇ ಉಣ್ಬೇಕಷ್ಟೆ. ಬೆಂಚು ಬರುವಾಗ ಆರು ಗಂಟೆ.”

“ಊಟಕ್ಕೆ ಬಂದದ್ದಲ್ಲ ಬ್ಯಾರಿಗಳೇ. ಒಂದು ಕುರ್ಚಿ ಬೇಕಿತ್ತು.”

“ಒಂದು ಎಂತಕ್ಕೆ, ನಾಲ್ಕು ಕೊಂಡೋಗಿ.”

“ಒಂದೇ ಸಾಕು.”

“ಅಲ್ಲ ಮಾರಾಯ್ರೇ, ಮನೆಗೆ ನಾಲ್ಕು ಜನ ಬಂದ್ರೆ ಒಂದರಲ್ಲಿ ಯಾರನ್ನು ಕೂರಿಸ್ತೀರಿ? ಮೂರು ಜನಕ್ಕೆ ಅವಮಾನ ಆಗುದಿಲ್ವಾ?”

ಜುವಾಕಿಮರು ಅಟ್ಟಿಯಿಂದ ಕುರ್ಚಿಗಳನ್ನು ಒಂದೊಂದಾಗಿ ಎಳೆದು ಎಡಗೈ ನೋಡತೊಡಗಿದರು. ಸುಟ್ಟ ಗುರುತಿನದ್ದು ಮೂರನೇ ಅಟ್ಟಿಯಲ್ಲಿ, ಕೆಳಗಿನಿಂದ ಎರಡನೆಯದಾಗಿ ಸಿಕ್ಕಿತು. ಅದನ್ನು ಕರವಸ್ತ್ರದಿಂದ ಒರೆಸಿದರು. ಬ್ಯಾರಿಗಳು ಇದನ್ನೆಲ್ಲ ನೋಡಿ, “ಇದ್ದದ್ದರಲ್ಲಿ ಹಾಳಾದ್ದನ್ನೇ ಆರಿಸಿದ್ರಲ್ಲ! ಮಾರ್ಕೆಟಿಗೆ ಹೋದ್ರೆ ಕೊಳೆತ ಟೊಮೆಟೊ ಹುಡುಕುವ ಜಾತಿಯಾ ನೀವು?” ಎಂದರು.

ರೊವೆನಾಳಿಗೆ ಮಾತ್ರ ಅರ್ಥವಾಯಿತು. ಅವಳು ಎರಡು ಲೋಟ ಲಿಂಬೆ ಶರಬತ್ತು ತಂದು, ಎರಡನ್ನೂ ಜುವಾಕಿಮರ ಕೈಗೇ ಕೊಟ್ಟು, ದನಿ ತಗ್ಗಿಸಿದಳು.

“ಸರ್, ಪದ್ಧತಿ ಇರುವುದು ಬಿಟ್ಟು ಹೋಗ್ಲಿಕ್ಕೆ. ವಾಪಸ್ ತಗೊಂಡು ಹೋದವರು ಯಾರೂ ಇಲ್ಲ.”

“ತಗೊಂಡು ಹೋಗ್ಬಾರ್ದು ಅಂತ ರೂಲ್ ಉಂಟಾ?”

ರೊವೆನಾ ಯೋಚಿಸಿದಳು. “ಇಲ್ಲ ಸರ್. ಯಾರೂ ಕೇಳಿದ್ದೇ ಇಲ್ಲ.”

“ಹಾಗಾದ್ರೆ ಆಯ್ತು. ಈಗ ಮಧ್ಯೆ ಎಲ್ಲಿಯೂ ನಿಲ್ಲದೆ ಸೀದಾ ಹೋಗ್ಬೇಕು. ಅಲ್ವಾ?”

“ನನಗೆ ಗೊತ್ತಿಲ್ಲ ಸರ್,” ಎಂದಳು. ಕಣ್ಣು ಒದ್ದೆಯಾಗಿತ್ತು. “ಹೌದಿರಬೇಕು.”

ಜುವಾಕಿಮರು ಶರಬತ್ತಿನ ಎರಡೂ ಲೋಟಗಳನ್ನು, ಕೊಟ್ಟದ್ದನ್ನು ಬಿಡಬಾರದೆಂದು, ಕುಡಿದರು. ಆಗ ಅದು ಅಷ್ಟು ಮುಖ್ಯವಾದ ತಪ್ಪು ಎಂದು ಅವರಿಗೆ ತೋರಲಿಲ್ಲ.

ಕುರ್ಚಿ ಹಿಡಿದುಕೊಂಡು ಬಸ್ಸು ಹತ್ತುವ ಹಾಗಿರಲಿಲ್ಲ. ಟ್ಯಾಕ್ಸಿಯವನು ಬಂದು, ನೋಡಿ, ತಲೆಯಲ್ಲಾಡಿಸಿ ಹೋದ. ಕೊನೆಗೆ ಬ್ಯಾರಿಗಳೇ ಕೀಲಿಕೈ ತೆಗೆದರು. “ಯಲ್ಲಾ, ಹತ್ತಿ. ಡೆಲಿವರಿ ವ್ಯಾನ್ ಖಾಲಿ ಉಂಟು. ಹದಿನೈದು ನಿಮಿಷದ ದಾರಿ.” ಕುರ್ಚಿಯನ್ನು ಹಿಂದೆ ಹಾಕಲು ಹೋದಾಗ ಜುವಾಕಿಮರು ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಮೂವರು ಕೂರಬಹುದಿತ್ತು. ಕುರ್ಚಿ ನಡುವೆ ಕೂತಿತು.

ಹೊರಟ ಮೇಲೆ ಜುವಾಕಿಮರು ಗಂಟಲು ಸರಿಮಾಡಿಕೊಂಡರು. “ಬ್ಯಾರಿಗಳೇ, ದಾರಿಯಲ್ಲಿ ಎಲ್ಲಿಯೂ ನಿಲ್ಲಿಸ್ಬಾರ್ದು.”

“ಸಿಗ್ನಲಿನಲ್ಲಿ?”

“ಸಿಗ್ನಲ್ ಪರವಾಗಿಲ್ಲ.”

“ದೊಡ್ಡ ಉಪಕಾರ. ಇಲ್ಲದಿದ್ರೆ ಫೈನ್ ನಿಮ್ಮ ಹೆಸರಿಗೇ ಬರೆಸ್ಬೇಕಿತ್ತು.”

ಶನಿವಾರದ ಸಂಜೆ. ಶಾರ್ಜಾ ಕಡೆಯ ಹೆದ್ದಾರಿಗೆ ಸೇರುವ ಮೊದಲೇ ವಾಹನಗಳು ಅಂಟಿಕೊಂಡವು. ಇಪ್ಪತ್ತು ನಿಮಿಷದಲ್ಲಿ ವ್ಯಾನು ಒಂದು ಪೆಟ್ರೋಲ್ ಬಂಕನ್ನು ಪೂರ್ತಿ ದಾಟಲಿಲ್ಲ. ಟ್ರಾಫಿಕ್ಕಿನಲ್ಲಿ ನಿಂತದ್ದು ನಿಂತದ್ದೇ ಅಲ್ಲವೇ ಎಂಬ ಪ್ರಶ್ನೆ ಜುವಾಕಿಮರ ತಲೆಯಲ್ಲಿ ಎದ್ದಿತು. ಬಂದರಿನ ಹೊರಗೆ ಸರದಿ ಕಾಯುತ್ತ ಲಂಗರು ಹಾಕಿದ ಹಡಗು ಬಂದರಿಗೆ ಬಂದಂತಲ್ಲ ಎಂದು ಅವರೇ ತೀರ್ಪು ಕೊಟ್ಟರು. ಇಳಿದರೆ ಮಾತ್ರ ಲೆಕ್ಕ.

“ಇದು ಎಂತ ಹರಕೆಯಾ?” ಬ್ಯಾರಿಗಳು ಕುರ್ಚಿಯ ಆಚೆಯಿಂದ ಬಗ್ಗಿ ನೋಡಿದರು.

ಜುವಾಕಿಮರು ಹೇಳಿದರು. ಬಿಲ್ ಓದುವ ಹಾಗೆ, ಆರು ಹೆಂಗಸರಿಂದ ಕೈಚೀಲದವರೆಗೆ, ಏರಿಳಿತವಿಲ್ಲದೆ. ಎದುರಿನ ಲಾರಿ ಎರಡು ಮಾರು ಮುಂದಕ್ಕೆ ಹೋಯಿತು, ಇವರೂ ಹೋದರು.

“ನಮ್ಮಲ್ಲಿ ಹಾಗೆಲ್ಲ ಇಲ್ಲ ಪೊರ್ಬುಗಳೇ. ಹೋದವರು ಹೋದರು.”

“ನಮ್ಮಲ್ಲೂ ಇಲ್ಲ.”

“ಮತ್ತೆ?”

“ನಿಂತದ್ದು ನಾನಲ್ವಾ.”

ಬ್ಯಾರಿಗಳು ಗೇರು ಬದಲಿಸಿದರು. ಆಮೇಲೆ ಏನೋ ಹೊಳೆದವರ ಹಾಗೆ ಸ್ಟಿಯರಿಂಗಿಗೆ ಮೆಲ್ಲಗೆ ಒಂದು ಪೆಟ್ಟು ಕೊಟ್ಟರು. “ಅಂದ್ರೆ ಇಷ್ಟು ದಿನ ನಿಮ್ಮ ಬಾಯಮ್ಮ ನಾಲ್ಕನೇ ಮೇಜಿನಲ್ಲಿ? ಗೋಡೆ ಬದಿಯಲ್ಲಿ? ಅಲ್ಲ ಪೊರ್ಬುಗಳೇ, ನನಗೊಂದು ಮಾತು ಹೇಳ್ಬಾರ್ದಿತ್ತಾ? ಅಲ್ಲಿ ಎಸಿಯ ನೀರು ಸೋರ್ತದೆ!”

ಅಲ್ ನಹ್ದಾದೊಳಕ್ಕೆ ತಿರುಗುವಾಗ ಮಗ್ರಿಬ್ ಬಾಂಗ್ ಕೇಳಿಸಿತು. ಬ್ಯಾರಿಗಳು ಗಡಿಯಾರ ನೋಡಿದರು, ಜುವಾಕಿಮರನ್ನು ನೋಡಿದರು, ಕುರ್ಚಿಯನ್ನು ನೋಡಿದರು.

“ಇದು ತಡ ಮಾಡುವ ನಮಾಝ್ ಅಲ್ಲ.”

“ಗೊತ್ತುಂಟು. ನೀವು ಹೋಗಿ. ನಾನು ಇಳಿಯುದಿಲ್ಲ.”

ಮಸೀದಿಯ ಎದುರು ಆಗಲೇ ಕಾರುಗಳು ಎರಡು ಸಾಲಾಗಿದ್ದವು. ಇವರು ಮೂರನೆಯದನ್ನು ಶುರು ಮಾಡಿದರು. ಕ್ಷಣದಲ್ಲಿ ಹಿಂದೆಯೂ ಪಕ್ಕದಲ್ಲೂ ಬೇರೆಯವರು ನಿಲ್ಲಿಸಿ ಓಡಿದರು. ಈಗ ಇಮಾಮರು ನಮಾಝ್ ಮುಗಿಸಿ ಸಲಾಂ ಹೇಳುವ ತನಕ ವ್ಯಾನು ಹಂದುವ ಹಾಗಿರಲಿಲ್ಲ. ಜುವಾಕಿಮರು ಕುರ್ಚಿಯ ಪಕ್ಕ ಕೂತರು. ಫ್ಲ್ಯಾಟು ಅಲ್ಲಿಂದ ಎರಡು ತಿರುವಿನಾಚೆ.

ಆಗ ಅವರಿಗೆ ಏನೋ ಅನ್ನಿಸಿತು.

ಏಳು ವಾರಗಳಲ್ಲಿ ಮೊದಲ ಬಾರಿ. ಅದು ಒಳಗೆ ಎಲ್ಲೋ ಕೆಳಗಿನಿಂದ, ಒತ್ತರಿಸಿಕೊಂಡು, ಅನುಮಾನಕ್ಕೆ ಎಡೆಯಿಲ್ಲದಂತೆ ಬಂತು. ಕೊನೆಗೂ ಬಂತಲ್ಲ ಎಂದು ಅವರು ಉಸಿರು ಹಿಡಿದು ಗಮನಿಸಿದರು. ಅದು ಮೂತ್ರ. ಎರಡು ಲೋಟ ಶರಬತ್ತು, ಐವತ್ತೆಂಟು ವರ್ಷದ ದೇಹ, ಸಕ್ಕರೆ ಕಾಯಿಲೆ. ಮಸೀದಿಯ ಶೌಚಾಲಯದ ಬಾಗಿಲು ವ್ಯಾನಿನಿಂದ ಇಪ್ಪತ್ತು ಹೆಜ್ಜೆಯಲ್ಲಿ ತೆರೆದೇ ಇತ್ತು. ಇಳಿದರೆ ಲೆಕ್ಕಕ್ಕೆ ಬರುತ್ತದೆ. ದಿನಾ ಮೂರು ಸಲ ಜಪಮಾಲೆ ಹಿಡಿಯುತ್ತಿದ್ದ ಕಲ್ಯಾಣಪುರದ ಲೂರ್ದಳನ್ನು ತಾನು ಮಸೀದಿಯ ಪಾರ್ಕಿಂಗಿನಲ್ಲಿ ಇಳಿಸಿಬಿಟ್ಟಂತಾಗುತ್ತದೆ. ಅವರು ಕಾಲ ಮೇಲೆ ಕಾಲು ಹಾಕಿ, ಕುರ್ಚಿಯ ಸುಟ್ಟ ಕೈಯನ್ನು ಹಿಡಿದುಕೊಂಡರು.

ಬ್ಯಾರಿಗಳು ಬಂದು ಬಾಗಿಲು ತೆರೆದರು. “ಇದೆಂತ, ಈ ಥಂಡಿಯಲ್ಲಿ ಬೆವರ್ತಿದ್ದೀರಿ? ಎದೆ ನೋವಾ?”

“ಒಂದಕ್ಕೆ.”

“ಹಾಗಾದ್ರೆ ಹೋಗಿ ಮಾರಾಯ್ರೇ! ಎದುರೇ ಉಂಟು. ಈ ಕಾರುಗಳೆಲ್ಲ ಖಾಲಿ ಆಗುವಾಗ ಹತ್ತು ನಿಮಿಷ. ನಿಮ್ಮ ಲಿಫ್ಟಿಗೆ ಮತ್ತೆ ಐದು.”

“ಇಳಿಯುವ ಹಾಗಿಲ್ಲ. ಹೇಳಿದ್ನಲ್ಲ.”

ಬ್ಯಾರಿಗಳು ಬಾಗಿಲು ಹಿಡಿದು ನಿಂತು ಯೋಚಿಸಿದರು. ಮೂವತ್ತು ವರ್ಷ ಹೋಟೆಲು ನಡೆಸಿದವರ ಯೋಚನೆ ಅದು, ಗಿರಾಕಿಯೂ ಉಳಿಯಬೇಕು, ಕಾನೂನೂ ಉಳಿಯಬೇಕು.

“ನೋಡಿ. ನೀವು ಅವ್ರನ್ನು ಬಿಟ್ಟು ಹೋದ್ರಲ್ವಾ ತೊಂದರೆ? ಕುರ್ಚಿ ಇಳಿಯುದಿಲ್ಲ. ನಾನೂ ಹತ್ತಿದ ಮೇಲೆ ಇಳಿಯುದಿಲ್ಲ. ಬಾಯಮ್ಮ ಒಬ್ಬರೇ ಆಗುದಿಲ್ಲ. ನಾನಿಲ್ಲಿ ಜೊತೆಗೆ ಕೂತಿರ್ತೇನೆ. ನೀವು ಹೋಗಿ ಬನ್ನಿ.”

ದಾಖಲೆಯ ದೃಷ್ಟಿಯಿಂದ ಇದು ನಿಲ್ಲುವ ವಾದವೇ? ಕಾವಲಿನವನ ಸುಪರ್ದಿಯಲ್ಲಿ ತಾತ್ಕಾಲಿಕವಾಗಿ. ಅಂಥದ್ದಕ್ಕೆ ಒಂದು ಫಾರಂ ಇರುತ್ತದೆ. ಹೆಚ್ಚು ಯೋಚಿಸುವಷ್ಟು ಸಮಯ ಇರಲಿಲ್ಲ. ಜುವಾಕಿಮರು ಇಳಿದರು.

ತಿರುಗಿ ಬರುವಾಗ ಅವರು ಕಾರುಗಳ ಸಂದಿಯಲ್ಲಿ ನಿಧಾನಕ್ಕೆ ನಡೆದು ವ್ಯಾನಿನ ಹತ್ತಿರ ನಿಂತರು. ಗಾಜು ಅರ್ಧ ಇಳಿದಿತ್ತು. ಅಬೂಬಕ್ಕರ್ ಬ್ಯಾರಿಗಳು ಟೊಪ್ಪಿ ತೆಗೆಯದೆ, ಸ್ಟಿಯರಿಂಗಿಗೆ ಬೆನ್ನು ಕೊಟ್ಟು, ಕುರ್ಚಿಯ ಕಡೆ ತಿರುಗಿ ಕೂತಿದ್ದರು.

“ಮೂರು ಸಲ ಹೇಳಿದ್ದೇನೆ ಆ ಎಸಿಯವನಿಗೆ,” ಎನ್ನುತ್ತಿದ್ದರು. “ನಾಳೆ ಬರ್ತೇನೆ, ನಾಳೆ ಬರ್ತೇನೆ ಅಂತಾನೆ. ಇಂಥವರನ್ನು ಕಟ್ಟಿಕೊಂಡು ವ್ಯಾಪಾರ ಮಾಡುದು ಹೇಗೆ ಹೇಳಿ. ಬೇಜಾರು ಮಾಡ್ಬೇಡಿ ಬಾಯಮ್ಮ. ನನಗೆ ಗೊತ್ತಿರ್ಲಿಲ್ಲ.”

ಜುವಾಕಿಮರು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತರು. ಈಗ ಅಳು ಬರಬಹುದು ಎಂದು ಅವರಿಗೆ ತೋರಿತು. ಜನ ಚಪ್ಪಲಿ ಹುಡುಕುತ್ತ ಹೊರಬರುತ್ತಿದ್ದರು, ಕಾರುಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತಿದ್ದವು, ಯಾರೋ ಹಾರ್ನ್ ಹೊಡೆದರು. ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. ಗಂಟಲಿನ ತನಕ ಒಂದು ಅಲುಗಾಟ ಬಂದಂತಾಗಿ, ಅಲ್ಲಿಯೇ ಕೂತಿತು. ಅವರು ಬಾಗಿಲು ತೆರೆದರು.

“ಹಗುರ ಆಯ್ತಾ?” ಎಂದರು ಬ್ಯಾರಿಗಳು, ಟೊಪ್ಪಿ ಮಡಚಿ ಕಿಸೆಗೆ ಹಾಕುತ್ತ.

“ಆಯ್ತು.”

“ಇಲ್ಲಿ ಯಾರೂ ಇಳಿಲಿಲ್ಲ. ನಾನು ಸಾಕ್ಷಿ.”

ಕಟ್ಟಡದ ಕೆಳಗೆ ಬ್ಯಾರಿಗಳು ಚಹಾಕ್ಕೂ ನಿಲ್ಲದೆ ಹೊರಟರು, ಬೆಂಚುಗಳು ಬರುವ ಹೊತ್ತಾಗಿತ್ತು. ಕಾವಲುಗಾರ ಕುರ್ಚಿಯನ್ನು ನೋಡಿ, “ಹೊಸದಾ ಸಾಬ್?” ಎಂದು ಕೇಳಿದ. ಜುವಾಕಿಮರು ಹೌದೆಂದರು. ಲಿಫ್ಟಿನ ಕನ್ನಡಿಯಲ್ಲಿ ಕುರ್ಚಿ ಹಿಡಿದ ಒಬ್ಬ ಮನುಷ್ಯ ಕಾಣಿಸಿದ. ಐದನೇ ಮಹಡಿ, ಬೀಗ, ದೀಪದ ಸ್ವಿಚ್ಚು. ಇಸ್ತ್ರಿಯ ಮೇಜಿನ ಮೇಲೆ ಶರ್ಟು ಒಂದು ತೋಳು ಚಾಚಿ ಮಲಗಿತ್ತು.

ಅವರು ಕುರ್ಚಿಯನ್ನು ಊಟದ ಮೇಜಿಗೆ, ಲೂರ್ದ್ ಕೂರುತ್ತಿದ್ದ ಅಡುಗೆಮನೆಯ ಕಡೆಗೆ ಒಯ್ದರು. ಕೈಗಳು ಮೇಜಿಗಿಂತ ಎರಡು ಬೆರಳು ಎತ್ತರ ಇದ್ದುದರಿಂದ ಅದು ಒಳಗೆ ಸರಿಯಲಿಲ್ಲ. ಸ್ವಲ್ಪ ಓರೆ ಮಾಡಿ ನೋಡಿದರು. ಆಗಲೂ ಸರಿಯಲಿಲ್ಲ. ಗೋಡೆಗೆ ತಾಗಿಸಿ ಇಟ್ಟರು. ಅಷ್ಟರಲ್ಲಿ ಫೋನು ಬಂತು.

“ಡ್ಯಾಡಿ, ಆರ್ ಯು ಈಟಿಂಗ್?”

“ಇನ್ನೂ ಇಲ್ಲ ಬಾಯ್. ಈಗಷ್ಟೆ ಬಂದೆವು.”

ನತಾಶಾ ಇಂಗ್ಲಿಷು ಬಿಟ್ಟಳು. “ಯಾರು, ಡ್ಯಾಡಿ?”

“ಬಂದೆ,” ಎಂದರು ಜುವಾಕಿಮರು. “ಈಗಷ್ಟೆ ಬಂದೆ.”

ಕುರ್ಚಿ ಈಗಲೂ ಗೋಡೆಯ ಬದಿಯಲ್ಲಿದೆ. ಶನಿವಾರಗಳಂದು ಅವರು ಮಮ್ಝಾರ್‌ಗೆ ಹೋಗುವುದಿಲ್ಲ.